ಬೋಳು ಟೈರಿನ ನಯೀಮ

ಸೋಮವಾರ ಜೆಸಿಬಿ ಬರುತ್ತದೆ ಅಂತ ಗೊತ್ತಾದ ದಿನವೇ ನಾನು ಗಟ್ಟಿ ಮನಸ್ಸು ಮಾಡಿಬಿಟ್ಟೆ. ಹರಿಹರದಾಚೆ ವಿಮಾನ ಇಳಿಯುತ್ತಿದ್ದ ಹಳೇ ಪಟ್ಟಿಯನ್ನು ಅಗೆದು ಸೈಟು ಮಾಡುತ್ತಾರಂತೆ. ಮಾಡಿಕೊಳ್ಳಲಿ, ನನಗೇನು? ಆದರೆ ಅದಕ್ಕೂ ಮೊದಲು ಆ ಡಾಂಬರಿನ ಮೇಲೆ ಗೆಳೆಯ ನಯೀಮನನ್ನು ನಿಲ್ಲಿಸಿ ಒಂದು ಮಾತು ಹೇಳಲೇಬೇಕಿತ್ತು. ನಲವತ್ತು ವರ್ಷ ನುಂಗಿಕೊಂಡಿದ್ದ ಮಾತು.

ನಾನು ಸಾರಥಿ ಊರಿನ ಗುತ್ತೆಪ್ಪ. ವಯಸ್ಸು ಅರವತ್ತಮೂರು, ಸಿಟ್ಟು ಮಾತ್ರ ಇವತ್ತಿಗೂ ಮೂಗಿನ ತುದಿಯಲ್ಲೇ. ಎಂಬತ್ತೈದರ ಸುಮಾರಿಗೆ ನಾವೊಂದು ಹತ್ತು ಜನ ಭಾನುವಾರ ಬೆಳಿಗ್ಗೆ ಆ ಪಟ್ಟಿಯ ಮೇಲೆ ಬೈಕ್ ಓಡಿಸುತ್ತಿದ್ದೆವು. ಅಲ್ಲಿ ವಿಮಾನ ಇಳಿದಿದ್ದನ್ನು ನಮ್ಮಪ್ಪ ನೋಡಿದ್ದ, ನಾವು ಯಾರೂ ನೋಡಿರಲಿಲ್ಲ. ಇಬ್ಬಿಬ್ಬರು ಅಕ್ಕಪಕ್ಕ ನಿಲ್ಲಬೇಕು, ಮೂರನೆಯವನು ಟವೆಲ್ ಬೀಳಿಸಿದ ಕೂಡಲೇ ಗಾಡಿ ಬಿಡಬೇಕು, ಕಾಲು ಮೈಲಿ ದೂರದ ಸುಣ್ಣದ ಗೆರೆಯನ್ನು ಮೊದಲು ದಾಟಿದವನು ಗೆದ್ದ. ಹೆಲ್ಮೆಟ್ಟಾ? ತಲೆ ಬಾಚಿಕೊಂಡು ಬಂದಿದ್ದರೆ ಅದೇ ದೊಡ್ಡದು.

ತೊಂದರೆ ಇದ್ದದ್ದು ಸುಗ್ಗಿಯಲ್ಲಿ. ಸುತ್ತಲಿನ ರೈತರೆಲ್ಲ ಮೆಕ್ಕೆಜೋಳ ತಂದು ಅದೇ ಡಾಂಬರಿನ ಮೇಲೆ ಒಣಹಾಕುತ್ತಿದ್ದರು. ಬೇಡ ಅನ್ನಲು ನಾವ್ಯಾರು? ನಮ್ಮ ಮನೆಯ ಜೋಳವೂ ಅಲ್ಲೇ ಇರುತ್ತಿತ್ತು. ರಾಶಿ ಬದಿಗೆ ಸರಿಸಿದರೂ ಕಾಳು ಉಳಿಯುತ್ತದೆ, ಕಾಳಿನ ಮೇಲೆ ಚಕ್ರ ಹತ್ತಿತೋ ಮುಗಿಯಿತು ಕತೆ. ಅದಕ್ಕೇ ನಾವೊಂದು ಕಟ್ಟಳೆ ಮಾಡಿಕೊಂಡಿದ್ದೆವು. ನಿನ್ನ ಗಾಡಿ ಓಡುವ ಸಾಲನ್ನು ನೀನು ಗುಡಿಸುವಂತಿಲ್ಲ, ಎದುರಾಳಿಯದನ್ನು ಗುಡಿಸಬೇಕು. ನಿನ್ನದನ್ನು ಅವನು ಗುಡಿಸುತ್ತಾನೆ. ಅವನು ಗುಡಿಸುವಾಗ ತಿರುಗಿ ನೋಡಿದರೂ ಅವನನ್ನು ನಂಬಲಿಲ್ಲ ಅಂತ ಅರ್ಥ, ಅದು ಅವಮಾನ.

ಆ ಭಾನುವಾರ ನಾನು ನಯೀಮನ ಸಾಲು ಗುಡಿಸುತ್ತಿದ್ದೆ. ಅವನು ಆ ಕಡೆಯಿಂದ, ಹಾಲಿನ ಕ್ಯಾನು ಹೊರುವುದಕ್ಕೆ ನಿನ್ನ ಯೆಜ್ಡಿ ಹೇಳಿ ಮಾಡಿಸಿದ ಗಾಡಿ ಅಂತ ಕಿಚಾಯಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಮುಕ್ಕಾಲು ಭಾಗ ಗುಡಿಸಿ ಪೊರಕೆ ಬಿಸಾಕಿ ಬಂದುಬಿಟ್ಟೆ. ಕೊನೆಯ ಐವತ್ತು ಮಾರು ಕಾಳು ಹಾಗೇ ಇತ್ತು. ಅವನು ಬೀಳಲಿ ಅಂತ ಬಯಸಿದ್ದೆನೋ ಇಲ್ಲವೋ, ದೇವರಾಣೆ ನನಗೇ ಗೊತ್ತಿಲ್ಲ.

ಬಿದ್ದ. ಭುಜದ ಮೂಳೆ ಮುರಿಯಿತು. ಕಾಳಿನ ಕಡೆ ಯಾರೂ ನೋಡಲಿಲ್ಲ, ಗುಡಿಸಿದವನು ಗೆಳೆಯನಲ್ಲವೇ! ಅವನ ಹಿಂದಿನ ಟೈರ್ ಸವೆದಿತ್ತು, ಎಲ್ಲರೂ ಅದನ್ನೇ ದೂರಿದರು. ನಾನೂ ಹೂಂ ಅಂದೆ. ಅವತ್ತಿನಿಂದ ಅವನ ಹೆಸರು ಬೋಳು ಟೈರ್ ನಯೀಮ. ಅವನ ಅಣ್ಣ ಬೈಕ್ ಮಾರಿಸಿದ, ನಯೀಮ ಆ ಪಟ್ಟಿಯ ಕಡೆ ಮತ್ತೆ ಕಾಲಿಡಲಿಲ್ಲ. ಆಮೇಲೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಗ್ಯಾರೇಜ್ ಇಟ್ಟ. ಇವತ್ತಿಗೂ ಗಿರಾಕಿಗಳ ಟೈರನ್ನು ಬೆರಳಿನಿಂದ ಎರಡೆರಡು ಸಲ ಸವರಿ ನೋಡುತ್ತಾನೆ. ಅದನ್ನು ಕಂಡಾಗಲೆಲ್ಲ ನಾನು ಏನೋ ನೆಪ ಹೇಳಿ ಗ್ಯಾರೇಜಿನಿಂದ ಎದ್ದು ಬಂದುಬಿಡುತ್ತಿದ್ದೆ.

ಭಾನುವಾರ ಒಂದು ಕೊನೇ ಓಟ, ಬಾ ಅಂತ ಫೋನ್ ಮಾಡಿದೆ.

"ತಲಿ ಕೆಟ್ಟೈತೇನೋ ನಿಂಗೆ? ಮೊಣಕಾಲು ಮಡಚಾಕ ಬರಲ್ಲ, ಓಟ ಅಂತೆ!" ಅಂತ ನಕ್ಕ. ನಕ್ಕರೂ ಬಂದ, ಗ್ಯಾರೇಜಿನಲ್ಲಿ ತಾನೇ ಜೋಡಿಸಿದ ಹಳೇ ಜಾವಾ ಹತ್ತಿಕೊಂಡು.

ಟವೆಲ್ ಬಿಡಲು ನನ್ನ ಹೆಂಡತಿ ಕೊಟ್ರವ್ವ ಬಂದಿದ್ದಳು. "ಬಿದ್ರೆ ಎತ್ತಾಕ ಯಾರಾರ ಬೇಕಲ್ರೀ," ಅಂದಳು. ಇಬ್ಬರ ತಲೆಗೂ ಹೆಲ್ಮೆಟ್ ಹಾಕಿಸಿಯೇ ಬಿಟ್ಟಳು.

ಡಾಂಬರಿನ ತುಂಬ ಅದೇ ಮೆಕ್ಕೆಜೋಳ. ರಾಶಿಯನ್ನು ಬದಿಗೆ ಎಳೆದು ನಯೀಮನ ಸಾಲನ್ನು ಗುಡಿಸತೊಡಗಿದೆ. ಸೊಂಟ ಕಳಚಿ ಬಂದಂತಾಯಿತು, ಬಿಡಲಿಲ್ಲ. ಬಿರುಕಿನಲ್ಲಿ ಸಿಕ್ಕಿದ್ದ ಕಾಳನ್ನು ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕಿತ್ತೆ. ಗೆರೆಯವರೆಗೂ ಒಂದು ಕಾಳು ಉಳಿಸಲಿಲ್ಲ.

"ಯಾಕೋ ಇಷ್ಟು? ಮದುವಿ ಚಪ್ಪರ ಹಾಕ್ತೀಯೇನು?" ಅಂದ ನಯೀಮ. ಅವನಿನ್ನೂ ಪೊರಕೆ ಮುಟ್ಟಿರಲಿಲ್ಲ.

"ಅವತ್ತು ನಾನು ಗುಡಿಸಿರ್ಲಿಲ್ಲ," ಅಂದೆ. "ಕೊನಿಗೆ ಐವತ್ತು ಮಾರು ಬಿಟ್ಟಿದ್ದೆ. ಸಿಟ್ಟಿಗೆ. ನಿನ್ ಟೈರ್‌ದೇನೂ ತಪ್ಪಿಲ್ಲ ನಯೀಮ. ತಪ್ಪು ನಂದು."

ಅವನ ನಗು ನಿಂತುಹೋಯಿತು. ಕೊಟ್ರವ್ವನಿಗೂ ಇದು ಗೊತ್ತಿರಲಿಲ್ಲ, ಟವೆಲನ್ನು ಬಾಯಿಗೆ ಒತ್ತಿಕೊಂಡಳು.

"ನಲವತ್ತು ವರ್ಷ," ಅಂದ ನಯೀಮ. "ನನ್ ಮಗಳ ಮದುವ್ಯಾಗೂ ಬೋಳು ಟೈರ್ ಅಂತ ಕರೆದ್ರಲ್ಲೋ. ಅವತ್ತು ನೀನೂ ಊಟಕ್ಕ ಕೂತಿದ್ದಿ."

"ಹೂಂ. ಕೂತಿದ್ದೆ."

ನಯೀಮ ನೆಲದ ಮೇಲಿದ್ದ ಪೊರಕೆಯನ್ನು ಎತ್ತಿ ಜೋಳದ ರಾಶಿಯ ಮೇಲೆ ಎಸೆದ. "ನಿನ್ ಸಾಲು ನಾ ಗುಡಸಲ್ಲ. ಓಡ್ಸು ಈಗ."

"ಬ್ಯಾಡ್ರೀ, ನಿಮ್ ಕಾಲು ಹಿಡೀತೀನಿ," ಅಂದಳು ಕೊಟ್ರವ್ವ.

"ಸುಮ್ನಿರು. ಟವೆಲ್ ಬಿಡು ನೀನು," ಅಂದು ನನ್ನ ಗಾಡಿ ಹತ್ತಿದೆ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಗಾಡಿಯಿಂದ ಇಳಿಯುವ ಮಾತೇ ಇರಲಿಲ್ಲ.

ಟವೆಲ್ ಬಿತ್ತು. ಇಬ್ಬರೂ ಬಿಟ್ಟೆವು. ನೂರು ಮಾರು ಹೋಗುವಷ್ಟರಲ್ಲಿ ನನ್ನ ಹಿಂದಿನ ಚಕ್ರ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿತು. ಆದರೂ ಕೈ ಸಡಿಲಿಸಲಿಲ್ಲ. ಇನ್ನೊಂದಿಷ್ಟು ದೂರಕ್ಕೆ ಗಾಡಿ ಅಡ್ಡ ಮಲಗಿತು, ನಾನು ಉರುಳಿಕೊಂಡು ಹೋಗಿ ಜೋಳದ ರಾಶಿಗೆ ಬಿದ್ದೆ. ಮೊಣಕೈ ತರಚಿ ರಕ್ತ ಬಂತು.

ನಯೀಮ ನಿಲ್ಲಲಿಲ್ಲ. ಗೆರೆ ದಾಟುವವರೆಗೂ ನಿಲ್ಲಲಿಲ್ಲ. ಸರಿಯಾಗೇ ಮಾಡಿದ. ಆಮೇಲೆ ತಿರುಗಿ ಬಂದು ನನ್ನ ಮುಂದೆ ನಿಂತ.

"ಮೂಳಿ ನೆಟ್ಟಗೈತಾ?"

"ಐತೆ."

ಕೈ ಕೊಟ್ಟು ಎಬ್ಬಿಸಿದ. ನನ್ನ ಬೆನ್ನಿಗೆ ಅಂಟಿದ್ದ ಜೋಳ ಕೊಡವಿದ, ಸ್ವಲ್ಪ ಜೋರಾಗಿಯೇ. ಕೊಟ್ರವ್ವ ಅಳುತ್ತಾ ಬೈಯುತ್ತಾ ಓಡಿ ಬಂದು ಅದೇ ಟವೆಲನ್ನು ನನ್ನ ಮೊಣಕೈಗೆ ಸುತ್ತಿದಳು. ಅಷ್ಟರಲ್ಲಿ ನಯೀಮ ರಾಶಿಯ ಮೇಲಿನ ಪೊರಕೆ ತಗೊಂಡು ಆರಂಭದ ಜಾಗಕ್ಕೆ ಹೊರಟಿದ್ದ.

"ಎಲ್ಲಿಗೋ?" ಅಂದೆ.

"ಇನ್ನೊಂದು ಓಟ ಐತೆ. ಜೆಸಿಬಿ ಬರೋದು ನಾಳೆ ತಾನೆ?"

ನನ್ನ ಸಾಲಿನ ಆರಂಭದ ತುದಿಯಲ್ಲಿ ಅವನು ಬಗ್ಗಿದ. ಡಾಂಬರಿನ ಮೇಲೆ ಪೊರಕೆಯ ಸದ್ದು ಶುರುವಾಯಿತು. ನಾನು ಗಾಡಿ ಎತ್ತಿ, ತಳ್ಳಿಕೊಂಡು ಅಲ್ಲಿಗೇ ಹೋಗಿ ನಿಲ್ಲಿಸಿ, ಅವನಿಗೆ ಬೆನ್ನು ಮಾಡಿ ನಿಂತೆ. ಅವನು ಗುಡಿಸುತ್ತಾ ಗೆರೆ ಮುಟ್ಟುವವರೆಗೂ ನಾನು ತಿರುಗಿ ನೋಡಲಿಲ್ಲ.