ಎರಡೂ ಕಡೆಯ ಭಾಷಣ

ಹುಡುಗಿಯ ಎಡಗಾಲಿನ ಸಾಕ್ಸು ಜಾರಿದೆ, ಅಯ್ಯೋ, ಅಡಿಯಿಂದ ಮುಡಿಯವರೆಗೂ ನೋಡಿಯೇ ವೇದಿಕೆಗೆ ಕಳಿಸಿದ್ದಲ್ಲವೇ, ಮೆಟ್ಟಿಲು ಹತ್ತುವಾಗ ಜಾರಿರಬೇಕು, ಇರಲಿ, ತೀರ್ಪುಗಾರರೇನು ಕಾಲು ನೋಡಿ ಅಂಕ ಕೊಡುವುದಿಲ್ಲ, ದನಿ ಕೇಳುತ್ತಾರೆ, ದನಿಯೋ ಖಣಖಣ ಎನ್ನುತ್ತಿದೆ — ಪರದೆಯ ಮರೆಯಲ್ಲಿ ನಿಂತ ಟೀಚರಿಗೆ ಒಂದೊಂದು ಮಾತೂ ಮೊದಲೇ ಗೊತ್ತು, ಗೊತ್ತಿರದೆ ಏನು, ಬರೆದವಳೇ ಅವಳು, ಹುಡುಗಿಯ ಬಾಯಿ ಅಲ್ಲಿ ಆಡಿದರೆ ಇವಳ ತುಟಿ ಇಲ್ಲಿ ಆಡುತ್ತದೆ, ಶಾಲೆ ಮಕ್ಕಳ ಸೃಜನಶೀಲತೆಯನ್ನು ಹೊಸಕಿಹಾಕುತ್ತದೆ, ಮಾನ್ಯರೇ, ಹೊಸಕಿಹಾಕುತ್ತದೆ, ಭೇಷ್, ಎರಡನೇ ಸಲ ತಗ್ಗಿಸಿ ಹೇಳು ಅಂದಿದ್ದೆ, ಹಾಗೇ ಹೇಳಿದಳು ಜಾಣೆ, ಈಗಷ್ಟೇ ಇಳಿದುಹೋದ ಕನ್ನಡಕದ ಹುಡುಗ ಇಲ್ಲ ಇಲ್ಲ ಬೆಳೆಸುತ್ತದೆ ಎಂದು ವಾದಿಸಿ ಚಪ್ಪಾಳೆ ಗಿಟ್ಟಿಸಿದ, ಅದನ್ನು ಬರೆದದ್ದೂ ಇವಳೇ, ಒಂದೇ ಭಾನುವಾರ, ಒಂದೇ ಪೆನ್ನು, ಊಟಕ್ಕೆ ಮೊದಲು ಬೆಳೆಸುತ್ತದೆ, ಊಟವಾದ ಮೇಲೆ ಹೊಸಕುತ್ತದೆ, ಗಂಡ ನಕ್ಕಿದ್ದ, ಎರಡು ಕಡೇನೂ ನೀನೇ ಆದ್ರೆ ಸೋಲೋದ್ಯಾರೇ, ಬೇರೆ ಶಾಲೆಯವ್ರು ಕಣ್ರೀ, ಯಾರ ಕೈಗೆ ಬಂದ್ರೂ ಬಹುಮಾನದ ಫಲಕ ನಮ್ಮ ಶಾಲೆ ಬೀರುಗೇ ತಾನೇ.

ಅದರಲ್ಲಿ ಮೋಸವೇನಿದೆ, ಮಕ್ಕಳಿಗೆ ಮಾತು ಕೊಡುವುದು ಮೋಸವಾದರೆ ಅಕ್ಷರ ಕಲಿಸುವುದೂ ಮೋಸವೇ, ಟೀಚರಿಗೆ ಚಿಕ್ಕಂದಿನಲ್ಲಿ ಯಾರೂ ಬರೆದುಕೊಡಲಿಲ್ಲ, ಇದೇ ವಯಸ್ಸು, ಇಂಥದೇ ವೇದಿಕೆ, ನಿಂಗೆ ತೋಚಿದ್ದು ಹೇಳಮ್ಮ ಎಂದು ಮೇಷ್ಟ್ರು ಬೆನ್ನು ತಟ್ಟಿ ನೂಕಿದ್ದರು, ಏನೂ ತೋಚಲಿಲ್ಲ, ನಾಲಿಗೆ ಏಳಲಿಲ್ಲ, ಸಭೆ ಕಾದೂ ಕಾದೂ ನಕ್ಕುಬಿಟ್ಟಿತು, ಅಳುತ್ತ ಇಳಿದಳು, ಅಪ್ಪ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆಯೇ ನಡೆದ — ನನ್ನ ಮಕ್ಕಳಿಗೆ ಆ ಗತಿ ಬರಬಾರದು, ಈ ಹುಡುಗಿಯೇ ನೋಡಿ, ಸೇರಿದ ಹೊಸತರಲ್ಲಿ ಹಾಜರಿ ಕೂಗಿದರೆ ಉಸಿರಲ್ಲೇ ಉತ್ತರ, ಈಗ ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಮಾಡಿದ್ದು ಯಾರು, ಶಾಲೆಯಲ್ಲವೇ, ಹಾಂ, ಈಗ ಬರಬೇಕು, ಗಿಳಿಯ ಮಾತು, ನಾವು ಪಂಜರದ ಗಿಳಿಗಳು ಮಾನ್ಯರೇ, ಕಲಿಸಿದ್ದನ್ನೇ ಒಪ್ಪಿಸುವವರು, ಇಲ್ಲಿ ಬಲಗೈ ಮೇಲೇಳಬೇಕು, ಕನ್ನಡಿಯ ಮುಂದೆ ಎಷ್ಟು ಸಲ ಎತ್ತಿಸಿಲ್ಲ — ಏಳಲಿಲ್ಲ, ಮಾತೂ ನಿಂತಿತು, ಬಲಗೈ ಕೆಳಗೇ ಇದೆ, ಬೆರಳುಗಳು ಸ್ಕರ್ಟಿನ ಅಂಚು ಮಡಿಸುತ್ತಿವೆ, ಮರೆತಳು, ನಾವು ಪಂಜರದ, ಟೀಚರ್ ತುಟಿ ಅಗಲಿಸಿ ತೋರಿಸುತ್ತಾಳೆ, ನಾವು ಪಂಜರದ, ಹುಡುಗಿ ಇತ್ತ ತಿರುಗಿದಳು, ಮರೆತ ಮಕ್ಕಳ ಕಣ್ಣು ಚಾವಣಿ ತಡಕಾಡುತ್ತದೆ, ಇವಳ ಕಣ್ಣು ನೆಟ್ಟಗಿದೆ, ಮತ್ತೆ ಸಭೆಯತ್ತ ತಿರುಗಿ ಅಂದಳು, ಮುಂದಿಂದು ನಂಗೆ ಬಾಯಿಪಾಠ ಇದೆ, ಆದ್ರೆ ಅದು ಟೀಚರ್ ಬರ್ಕೊಟ್ಟಿದ್ದು, ಆಗ ಮಾತಾಡಿದ್ನಲ್ಲ, ಅವನಿಗೂ ಟೀಚರೇ ಬರ್ಕೊಟ್ಟಿದ್ದು, ಎರಡೂ ಚೆನ್ನಾಗಿದೆ.

ಸಭೆ ಗೊಳ್ಳೆಂದಿತು, ಮುಗಿಯಿತು, ಮಾನ ಮೂರು ಕಾಸಿಗೆ ಹರಾಜಾಯಿತು, ಮುಖ್ಯೋಪಾಧ್ಯಾಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಫಲಕ ಕೈಬಿಟ್ಟಿತು, ಇಳಿದು ಬರಲಿ ಇವಳು, ಬರಲಿ — ಹುಡುಗಿ ಇನ್ನೂ ಹೇಳುತ್ತಿದ್ದಾಳೆ, ನಿಂಗೇನನ್ಸುತ್ತೆ ಅಂತ ನನ್ನ ಯಾರೂ ಕೇಳಿರ್ಲಿಲ್ಲ, ಈಗ್ಲೇ ಯೋಚ್ನೆ ಮಾಡ್ತಿದೀನಿ, ಒಂಚೂರು ತಡೀರಿ, ಎಂಥ ಮಾತು, ಸ್ಪರ್ಧೆಯಲ್ಲಿ ಯಾರಾದರೂ ತಡೆಯುತ್ತಾರೆಯೇ, ಆದರೆ ತಡೆದಿದ್ದಾರೆ, ಇಡೀ ಸಭೆ ತಡೆದಿದೆ, ಯಾರೂ ನಗುತ್ತಿಲ್ಲ, ಹುಡುಗಿ ಅಳುತ್ತಿಲ್ಲ, ಬೆನ್ನು ಅಷ್ಟೇ ನೆಟ್ಟಗಿದೆ, ಅದು ನಾನು ಕಲಿಸಿದ್ದು, ಅದೊಂದು ನನ್ನದು, ಹೊಟ್ಟೆಯುರಿಯುತ್ತಿದೆ, ಹೆಮ್ಮೆಯೂ ಆಗುತ್ತಿದೆ, ಏನಾದರೂ ಹೇಳಿಕೊಡಬೇಕು, ತುಟಿ ತೆರೆದಳು, ಏನಂತ ಹೇಳಿಕೊಡುವುದು, ಬೆಳೆಸುತ್ತದೆ, ಹೊಸಕುತ್ತದೆ, ಎರಡೂ ಒಟ್ಟಿಗೇ ಬಾಯಿಗೆ ಬಂದವು, ತನಗೆ ಏನನ್ನಿಸುತ್ತದೆ, ಭಾನುವಾರವಿಡೀ ಬರೆದವಳು ತನ್ನನ್ನೂ ಕೇಳಿಕೊಂಡಿರಲಿಲ್ಲ — ಹುಡುಗಿಯ ಬೆರಳುಗಳು ಅಂಚನ್ನು ಮಡಿಸುತ್ತಿವೆ, ಬಿಡಿಸುತ್ತಿವೆ, ಯೋಚನೆ ಮಾಡುವಾಗ ಇವಳು ಹೀಗೆ ಮಾಡುತ್ತಾಳೆಂದು ಗೊತ್ತೇ ಇರಲಿಲ್ಲ, ಇಷ್ಟು ದಿನ ಒಮ್ಮೆಯೂ ಕಂಡಿರಲಿಲ್ಲ, ಮಡಿಸುತ್ತಿವೆ, ಬಿಡಿಸುತ್ತಿವೆ, ಮಡಿಸುತ್ತಿವೆ