ಬಿಳಿ ಬಾನೆಟ್ಟಿನ ಹಳದಿ ಚುಕ್ಕೆ

"ಇಲ್ಲಿ ಬಾ ಮಾಳಿಂಗಪ್ಪ. ಇದೇನಂತ ನೀನ ಹೇಳು."

ಗ್ಯಾರೇಜಿನ ಮಾಲಕ ಧೀರೇಂದ್ರ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಬೆರಳೂರಿ ನಿಂತಿದ್ದ. ಇನ್ನೊಂದು ಕೈಯಲ್ಲಿ ಮೊಬೈಲಿನ ಟಾರ್ಚು. ಮಾಳಿಂಗಪ್ಪ ಬಗ್ಗಿ ನೋಡಿದ. ಐವತ್ತೆರಡರ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಹೊಸ ಬಣ್ಣದೊಳಗೆ ಸಿಕ್ಕಿಕೊಂಡ, ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ. ಅದರ ಪಕ್ಕ ಇನ್ನೆರಡು. ಒಮ್ಮೆ ಕಂಡ ಮೇಲೆ ಆ ಕಾರಿನಲ್ಲಿ ಅವನಿಗೆ ಬೇರೇನೂ ಕಾಣದಂತಾಯಿತು.

"ಧೂಳ್ರಿ, ಸಾವ್ಕಾರ್ರ."

"ಧೂಳಂತ ನನಗೂ ಗೊತ್ತದ. ಬೂತಿನ ಒಳಗ ಹ್ಯಾಂಗ ಬಂತು? ಅದು ಬರಬಾರದಂತನ ನಿನ್ನ ಇಟ್ಕೊಂಡೀನಿ. ಮೂರನೇ ಗಾಡಿ ಇದು. ಶುಕ್ರವಾರ ಡಾಕ್ಟರ್ ಅನುರಾಧಾ ಅವರ ಬಿಳಿ ಗಾಡಿ ಬರ್ತದ. ಅದೂ ಹಿಂಗಾತಂದ್ರ ನೀನೂ ಬ್ಯಾಡ, ಜಾವೀದನೂ ಬ್ಯಾಡ. ಕಲಬುರಗಿಯಿಂದ ಬ್ಯಾರೆಯವರನ್ನ ಕರಸ್ತೇನಿ."

ಬಣ್ಣ ಹೊಡೆಯುವ ಜಾವೀದ ಬದಿಯಲ್ಲೇ ಇದ್ದ. ಹನ್ನೆರಡು ವರ್ಷ ತನ್ನ ಕೆಲಸದ ಮೇಲೆ ಯಾರೂ ಬೆರಳು ಇಡದ ಹಾಗೆ ದುಡಿದವನು.

ಜೇವರ್ಗಿಯ ಹೊರಗಿನ ಆ ಗ್ಯಾರೇಜಿನಲ್ಲಿ ಬೂತೆಂದರೆ ಬಣ್ಣ ಹೊಡೆಯಲೆಂದೇ ಇದ್ದ, ಒಂದು ಕಾರು ಹಿಡಿಯುವ ಮುಚ್ಚಿದ ಕೋಣೆ. ಛತ್ತಿನ ಫಿಲ್ಟರುಗಳಿಂದ ಸೋಸಿದ ಗಾಳಿ ಇಳಿಯುತ್ತದೆ, ನೆಲದ ಜಾಲರಿಯಿಂದ ಹೊರಗೆ ಹೋಗುತ್ತದೆ. ಅದನ್ನು ಚೊಕ್ಕಟವಾಗಿಡುವುದು ಮಾಳಿಂಗಪ್ಪನ ಕೆಲಸ. ಎದುರಿನ ಬಯಲಲ್ಲಿ ವಾರದಿಂದ ತೊಗರಿ ರಾಶಿಯ ಮಷೀನು ಹೊಟ್ಟು ತೂರುತ್ತಿತ್ತು. ಎಲ್ಲರೂ ಅದನ್ನೇ ಬೈಯುತ್ತಿದ್ದರು, ಮಾಳಿಂಗಪ್ಪ ಎಲ್ಲರಿಗಿಂತ ಹೆಚ್ಚು.

ಮೂರು ದಿನ ಅವನು ಬೂತನ್ನು ಬಿಟ್ಟು ಅಲ್ಲಾಡಲಿಲ್ಲ. ಏಣಿ ಹತ್ತಿ ಫಿಲ್ಟರು ಬದಲಿಸಿದ. ಗೋಡೆಗಳನ್ನು ಮೇಲಿನಿಂದ ಕೆಳಗೆ ಒರೆಸಿದ, ಅದೇ ಬಟ್ಟೆಯಲ್ಲಿ ಮತ್ತೆ ಒರೆಸುವ ಆಸೆಯನ್ನು ತಡೆದುಕೊಂಡು ಹೊಸ ಬಟ್ಟೆ ಹಿಡಿದ. ಜಾಲರಿಗಳನ್ನು ಎತ್ತಿ ಗಟಾರದ ಹಾಗಿದ್ದ ಬಣ್ಣದ ರಾಡಿ ಕೆರೆದ. ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿದ. ಕಸಬರಿಗೆಯನ್ನಂತೂ ಒಳಗೆ ಬಿಡಲೇ ಇಲ್ಲ. ಕಸ ಹೊಡೆದರೆ ಏಳುವ ಧೂಳು ಸಂಜೆಯ ತನಕ ಕೂರುವುದಿಲ್ಲ. ಮೊಣಕಾಲು ಊದಿತು. ತನ್ನೂರು ಇಜೇರಿಯ ಬಸ್ಸಿನಲ್ಲಿ ಕೂತರೂ ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಒರೆಸುತ್ತಿತ್ತು. ಸಾಕಾಗಿ ಹೋಗಿತ್ತು ಅವನಿಗೆ.

ಗುರುವಾರ ಜಾವೀದ ಹಾಳಾದ ಬಾನೆಟ್ಟನ್ನು ಸಾಬೂನು ನೀರು ಹಾಕಿ ಪಾಲಿಶ್ ಕಾಗದದಿಂದ ಉಜ್ಜುತ್ತಿದ್ದ. ಉಜ್ಜುವುದನ್ನು ನಿಲ್ಲಿಸಿ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ.

"ಕಾಕಾ, ಒಂಚೂರು ಬರ್ರಿ."

ಮಾಳಿಂಗಪ್ಪ ಹೋದ. ಮೇಲಿನ ಪದರು ಸವೆದು ಚುಕ್ಕೆ ಬಯಲಾಗಿತ್ತು. ಆದರೆ ಈಗ ಅದು ಹಳದಿಯಾಗಿರಲಿಲ್ಲ. ಜಾವೀದ ಇನ್ನೊಂದು ಚುಕ್ಕೆಯ ಮೇಲೆ ಒಣ ಕಾಗದ ಉಜ್ಜಿ, ಸಾಬೂನು ನೀರಿನ ಒಂದು ಹನಿ ಬಿಟ್ಟ. ನೋಡನೋಡುತ್ತಲೇ ಹಳದಿ ಕೆಂಪಾಯಿತು.

"ತೊಗರಿ ಹೊಟ್ಟು ಸಾಬೂನಿಗೆ ಕೆಂಪಾಗಂಗಿಲ್ಲ ಕಾಕಾ," ಎಂದ ಜಾವೀದ, ಬಕೆಟ್ಟು ನೋಡುತ್ತ. "ಅರಿಷಿಣ ಬಿದ್ದ ಅಂಗಿ ಒಗಿಯೋ ಮುಂದ ನಮ್ಮ ಅಮ್ಮೀ ಕೈಯಾಗ ಹಿಂಗ ಆಗ್ತದ."

ಮಾಳಿಂಗಪ್ಪನ ಕೈ ಹಣೆಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಬಣ್ಣ ಹೊಡೆಯುವ ಮುಂಚೆ ಧೂಳು ಹಿಡಿಯುವ ಅಂಟುಬಟ್ಟೆ ಹಿಡಿದು ಇಡೀ ಗಾಡಿಯ ಮೇಲೆ ಬಗ್ಗಿ ಕೊನೆಯ ಸಲ ಒರೆಸುವವನು ಅವನೇ. ಹಳೆಯ ಅರಿವೆಯ ಟೋಪಿ ಹೋಗಿ ಈ ತಿಂಗಳು ಬಂದ ನೈಲಾನ್ ಟೋಪಿಯನ್ನು ಬೂತಿನ ಸೆಕೆಗೆ ಹಿಂದಕ್ಕೆ ಸರಿಸಿಕೊಳ್ಳುವವನೂ ಅವನೇ. ಹಣೆಯ ತುಂಬ ಮಾಳಿಂಗರಾಯನ ಭಂಡಾರ, ದೇವರ ಅರಿಷಿಣದ ಪುಡಿ. ಮೂರು ದಿನ ಲೋಕದ ಧೂಳನ್ನೆಲ್ಲ ಬೇಟೆಯಾಡಿದವನು ಅದನ್ನು ಹಣೆಯ ಮೇಲೆ ಹೊತ್ತು ತಿರುಗುತ್ತಿದ್ದ.

"ಸಾವ್ಕಾರಗ ಹೇಳೀಯೇನು?"

"ಇಲ್ರಿ. ಇದು ನಾ ಹೇಳೋ ಮಾತಲ್ಲ, ಹಿಂಗ ಮಾಡ್ರಿ ಅಂತ ನಿಮಗೂ ನಾ ಹೇಳಂಗಿಲ್ಲ. ನೀವ ವಿಚಾರ ಮಾಡ್ರಿ." ಜಾವೀದ ಮತ್ತೆ ಕಾಗದ ಎತ್ತಿಕೊಂಡು, "ನಾಳೆ ಶುಕ್ರವಾರ ಅದ," ಎಂದಷ್ಟೇ ಸೇರಿಸಿದ.

ವಿಚಾರ ಮಾಡುವುದು ಅಷ್ಟು ಸುಲಭವಿರಲಿಲ್ಲ. ಎರಡು ವರ್ಷದ ಹಿಂದೆ ಜ್ವರ ನೆತ್ತಿಗೇರಿ ಮಾಳಿಂಗಪ್ಪ ಹತ್ತು ದಿನ ದವಾಖಾನೆಯಲ್ಲಿ ಯಾರ ಗುರುತೂ ಹಿಡಿಯದೆ ಬಿದ್ದಿದ್ದ. ಆಗ ಹೆಂಡತಿ ಗಂಗಾಬಾಯಿ ಹರಕೆ ಹೊತ್ತಳು: ಗಂಡ ಎದ್ದು ಕೂತರೆ, ಭಂಡಾರವಿಲ್ಲದ ಹಣೆಯಲ್ಲಿ ಒಂದು ದಿನವೂ ಅವನನ್ನು ಹೊಸ್ತಿಲು ದಾಟಿಸುವುದಿಲ್ಲ. ಹನ್ನೊಂದನೇ ದಿನ ಅವನು ನೀರು ಕೇಳಿದ. ಡಾಕ್ಟರರು ಔಷಧಿ ಹತ್ತಿತು ಎಂದರು. ಗಂಗಾಬಾಯಿ ಅವರೊಡನೆ ವಾದಕ್ಕೆ ಹೋಗಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ಅವನನ್ನು ನಿಲ್ಲಿಸಿ ಹಚ್ಚಿದ್ದೇ ಹಚ್ಚಿದ್ದು.

ಶುಕ್ರವಾರವೂ ಹಚ್ಚಿದಳು. ಅವನು ಹೇಳಬೇಕೆಂದು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿಕೊಂಡ. ಗ್ಯಾರೇಜಿನ ಹಿಂದಿನ ನಲ್ಲಿಗೆ ಬಂದು ಹಣೆಗೆ ಸಾಬೂನು ಹಚ್ಚಿದ. ಕೆಂಪಾದ ನೊರೆ ಬೆರಳ ಸಂದಿಯಿಂದ ಇಳಿಯಿತು. ಎರಡು ಸಲ, ಮೂರು ಸಲ ತೊಳೆದ. ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಅವಳು ಕೊಟ್ಟ ಜೀವವನ್ನೇ ಗಟಾರಕ್ಕೆ ಬಿಡುತ್ತಿದ್ದೇನೆ ಅನ್ನಿಸಿತು. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ನೆಲಕ್ಕೆ ನೀರು ಚಿಮುಕಿಸಿ, ಅಂಟುಬಟ್ಟೆ ಹಿಡಿದು ಒಳಗೆ ಹೋದ.

ಸಂಜೆ ಧೀರೇಂದ್ರ ಟಾರ್ಚು ಹಿಡಿದು ಗಾಡಿಯ ಸುತ್ತ ಮೂರು ಸುತ್ತು ಬಂದ. ಒಂದು ಚುಕ್ಕೆಯೂ ಸಿಗಲಿಲ್ಲ.

"ನೋಡಿದ್ರ್ಯಾ? ಮನಸಿಟ್ಟು ಮಾಡಿದ್ರ ಆಗ್ತದ. ದಿನಾ ಹಿಂಗ ಆಗಬೇಕು," ಎಂದು ಹೇಳಿ ಹೋದ.

ಜಾವೀದ ಮಾಳಿಂಗಪ್ಪನ ಬರಿ ಹಣೆ ನೋಡಿದ, ನೋಡದವನಂತೆ ಬಣ್ಣದ ಗನ್ನು ತೊಳೆಯತೊಡಗಿದ.

ಬಸ್ ಸ್ಟ್ಯಾಂಡಿನ ಹತ್ತಿರ ಮಾಳಿಂಗಪ್ಪ ಪೂಜಾ ಸಾಮಾನಿನ ಅಂಗಡಿಯಿಂದ ಒಂದು ಪುಡಿಕೆ ಭಂಡಾರ ತಗೊಂಡ. ಇಜೇರಿಯಲ್ಲಿ ಇಳಿಯುವ ಮುಂಚೆ ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಹಚ್ಚಿಕೊಂಡ. ಕಳ್ಳತನ ಮಾಡಿ ಗೊತ್ತಿಲ್ಲದವನು, ಪುಡಿಕೆಯನ್ನು ಬುತ್ತಿಯ ಕೆಳಗೆ ಅಡಗಿಸಿದ.

ಗಂಗಾಬಾಯಿ ನೀರಿನ ತಂಬಿಗೆ ಕೊಡಲು ಬಂದವಳು ಅಲ್ಲೇ ನಿಂತಳು.

"ಇದು ನಾ ಹಚ್ಚಿದ್ದಲ್ಲ."

"ನೀನ ಹಚ್ಚೀದಿ, ಮುಂಜಾನಿ."

"ನಾ ಮೂರು ಬೆರಳಿಲೆ ಎಳಿತೇನಿ. ಇದು ಹೆಬ್ಬೆಟ್ಟಿಂದು. ಬೆವರಿಗೆ ಅಳಿಸೂ ಇಲ್ಲ."

ಅವನು ಕಟ್ಟೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದ. ಬಾನೆಟ್ಟು, ಸಾಬೂನು ನೀರು, ಜಾವೀದ, ನಲ್ಲಿ. "ನಂದಷ್ಟ ಅಲ್ಲ ಬೇ, ಆ ಹುಡುಗನ ಕೆಲಸಾನೂ ಹೋಗ್ತಿತ್ತು."

"ನನಗ ಹೇಳಬೇಕಿತ್ತು."

"ಹೇಳಿದ್ರ ಒಪ್ತಿದ್ದೇನು?"

"ಇಲ್ಲ," ಎಂದು ಅವಳು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಬೆಳಿಗ್ಗೆ ಅವನು ಬುತ್ತಿ ಹಿಡಿದು ಬಾಗಿಲಿಗೆ ಬಂದಾಗ ಗಂಗಾಬಾಯಿ ಎಂದಿನಂತೆ ಭಂಡಾರದ ಬಟ್ಟಲು ಹಿಡಿದು ನಿಂತಿದ್ದಳು. ರೂಢಿಯಂತೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದ. ಅವಳ ಬೆರಳು ಹಣೆಯ ಹತ್ತಿರ ಬಂದದ್ದು ಗೊತ್ತಾಯಿತು. ತಾಗಲಿಲ್ಲ. ಕಣ್ಣು ತೆರೆದರೆ ಅವಳು ಆ ಮೂರು ಬೆರಳನ್ನು ತನ್ನ ಹಣೆಗೇ, ಕುಂಕುಮದ ಮೇಲೆ, ಆ ಕಡೆಯಿಂದ ಈ ಕಡೆಗೆ ಎಳೆದುಕೊಳ್ಳುತ್ತಿದ್ದಳು.

ಬಟ್ಟಲನ್ನು ಗೂಡಿನಲ್ಲಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲು ದಾಟಿದಳು.

"ಎಲ್ಲಿಗಿ?"

"ಬಸ್ಸಿನ ತನಕ. ಹರಕಿ ನಾ ಹೊತ್ತದ್ದು, ನಾ ಮುಂದ ಹೋಗ್ತೇನಿ. ನೀವು ನನ್ನ ಹಿಂದ ಬರ್ರಿ."

ಅವಳು ತಿರುಗಿ ನೋಡದೆ ನಡೆದಳು. ಮಾಳಿಂಗಪ್ಪ ಬುತ್ತಿ ಹಿಡಿದು ಒಂದು ಗಳಿಗೆ ಒಳಗೇ ನಿಂತಿದ್ದ. ಆಮೇಲೆ ಅವನೂ ದಾಟಿದ. ಮುಂಜಾವಿನ ಚಳಿಗಾಳಿ ನೇರ ಹಣೆಗೆ ತಾಗಿತು.