ಬಲಕ್ಕೆ ಹನ್ನೆರಡು ಮೆಟ್ಟಿಲು

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ರೇಖಾಳ ಕೈ ಅಲ್ಲೇ ನಿಂತಿತು. ಗೇಟಿನ ಬಳಿ ಚಪ್ಪಲಿ ಬಿಡುತ್ತಿದ್ದ ಹುಡುಗಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಕುತ್ತಿಗೆಯಲ್ಲಿ ಆಫೀಸಿನ ಐಡಿ ಕಾರ್ಡು, ಎದೆಗವಚಿಕೊಂಡ ಬಟ್ಟೆಚೀಲದಲ್ಲಿ ಚೌಕನೆಯದೇನೋ ಒಂದು. ಯಾರನ್ನೂ ಮಾತಾಡಿಸದೆ ಸೀದಾ ಹಾಲಿಗೆ ಬಂದವಳು ವೇಣುವಿನ ಶವದ ಕಾಲ ಬಳಿ ಕೂತು ಅಳತೊಡಗಿದಳು.

ವೇಣುವಿನ ಅಕ್ಕ ಸಪ್ಪಲಮ್ಮ ರೇಖಾಳನ್ನು ಮೊಣಕೈಯಿಂದ ತಿವಿದಳು. “ಯಾರೇ ಅದು?”

“ನಂಗೇನು ಗೊತ್ತು ಅತ್ತಿಗೆ.”

“ನಿನ್ ಗಂಡನ ಕಾಲು ಹಿಡ್ಕೊಂಡು ಅಳ್ತವ್ಳೆ, ನಿಂಗೇ ಗೊತ್ತಿಲ್ವಾ?”

ಮುಖ ಗೊತ್ತಿರಲಿಲ್ಲ, ನಿಜ. ಹೆಸರು ಗೊತ್ತಿತ್ತು. ಪ್ರತಿ ಶುಕ್ರವಾರ ಸಂಜೆ ವೇಣುವಿನ ಮೊಬೈಲಿನಲ್ಲಿ ಬೆಳಗುತ್ತಿದ್ದ ಹೆಸರು: ರಾಜಶ್ರೀ.

* * *

ಹೋದ ವರ್ಷದ ಒಂದು ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಅಡ್ಡಾಗಿದ್ದರು. ಗೋಡೆಯ ಕಡೆ, ಅವನ ಬಲಕ್ಕೆ ಮಲಗುವುದು ಮದುವೆಯಾದಾಗಿನಿಂದಲೂ ಅವಳ ರೂಢಿ. ವೇಣು ಅವಳಿಗೆ ಬೆನ್ನು ಮಾಡಿ, ಎಡಗೆನ್ನೆಯನ್ನು ದಿಂಬಿಗೆ ಆನಿಸಿದ್ದ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರಾದವನು. ಹಾಡು ಕೇಳುವುದು ಬಿಟ್ಟರೆ ಬೇರೆ ಚಟವಿಲ್ಲ. ಅಂಥವನು ಶನಿವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬನಶಂಕರಿಯಿಂದ ಬಿಟಿಎಂಗೆ ಹೊರಡುತ್ತಿದ್ದ. ಏನಕ್ಕೆ ಎಂದರೆ, ಆಂಪ್ಲಿಫೈಯರಿಗೆ ವಾಲ್ಯೂಮ್ ಕಂಟ್ರೋಲ್ ಮಾಡ್ತಿದೀನಿ, ಅನ್ನುತ್ತಿದ್ದ. ದನಿ ಏರಿಸಿ ಇಳಿಸುವ ಒಂದು ತಿರುಗುಗುಂಡಿಗೆ ಇಷ್ಟು ಶನಿವಾರಗಳೇ? ಆ ಗುಂಡಿಯನ್ನು ಮನೆಗಾದರೂ ಒಮ್ಮೆ ತಂದು ತೋರಿಸಬಾರದೇ?

“ರೀ, ಆ ರಾಜಶ್ರೀ ಯಾರು?” ಅವಳು ಮೆಲ್ಲಗೆ ಕೇಳಿದಳು.

ಮೊಣಕೈಯೂರಿ ಅರ್ಧ ಎದ್ದಳು.

“ಹೇಳೋಕಾಗದ ಸಂಬಂಧಾನಾ?”

ಎದುರಿನ ಬೀರುವಿನ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂದು ಅವಳು ಗೋಡೆಗೆ ತಿರುಗಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಶನಿವಾರದ ಅಂಗಿಗೆ ಇಸ್ತ್ರಿ ಹಾಕುವುದನ್ನು ಮಾತ್ರ ಬಿಟ್ಟಳು. ಅವನೇ ಹಾಕಿಕೊಂಡ.

* * *

“ನಮ್ ಬೀದೀಲಿ ಗಣೇಶ ಕೂರ್ಸಿದ್ರೆ ಮೈಕ್‌ಸೆಟ್ ಕೇಳಿ ಓಕೆ ಅನ್ಬೇಕಾಗಿದ್ದೋನು ಇವ್ನೇ,” ಎದುರುಮನೆಯ ಕೆಂಪರಾಜು ಚಟ್ಟ ಕಟ್ಟುವವರ ಜೊತೆ ಹೇಳುತ್ತಿದ್ದ. “ಕಿವಿ ಅಂದ್ರೆ ವೇಣುದು ಗುರು. ಹೋದ್ಸಲ ಯಾಕೋ ಕರೆದ್ರೂ ಬರ್ಲಿಲ್ಲ.”

ಹುಡುಗಿ ಕಣ್ಣೊರೆಸಿಕೊಂಡು ರೇಖಾಳ ಹತ್ತಿರ ಸರಿದಳು. “ಆಂಟಿ, ನಾ ರಾಜಶ್ರೀ. ಸರ್ ಹೇಳಿರಬೇಕಲ್ರೀ?”

“ಹೆಸರು ಗೊತ್ತು. ಪರಿಚಯ ಹೇಗೆ?”

“ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಇಬ್ರೂ ಒಂದ ನಮೂನಿ ರಿಲೇ, ಅಂದ್ರ ಕರೆಂಟಿನಿಂದ ಬಡಿಯೂ ಸಣ್ಣ ಸ್ವಿಚ್ಚು, ಕೇಳಿದ್ವಿರಿ. ಉಳಿದಿದ್ದು ಒಬ್ರಿಗೆ ಆಗೂವಷ್ಟ. ಜಗಳ ಯಾಕ, ಕೂಡೇ ಮಾಡೂಣು ಅಂದ್ರು ಸರ್. ಪ್ರೋಗ್ರಾಂ ನಂದು, ಬೆಸುಗಿ ಅವರದು. ನಮ್ಮ ರೂಮಿನಾಗ ಕೂತು ಮಾಡತಿದ್ವಿ.”

“ರೂಮಲ್ಲಿ,” ಅಂದಳು ಸಪ್ಪಲಮ್ಮ, ಪಕ್ಕದವರಿಗೂ ಕೇಳುವಂತೆ.

ರಾಜಶ್ರೀ ಚೀಲದಿಂದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ತೆಗೆದು ರೇಖಾಳ ಮಡಿಲಲ್ಲಿಟ್ಟಳು. ಮುಂದೆ ಒಂದೇ ಗುಂಡಿ, ಅಂಕಿ ತೋರುವ ಎರಡು ಪುಟ್ಟ ಕಿಟಕಿ. ಮೇಲೆ ಅಂಟಿಸಿದ ಟೇಪಿನಲ್ಲಿ ವೇಣುವಿನ ದುಂಡು ಅಕ್ಷರ: ಬಲಕ್ಕೆ ೧೨ ಮೆಟ್ಟಿಲು ಹೆಚ್ಚು.

ಹಾಗಾದರೆ ಪೆಟ್ಟಿಗೆ ಇದ್ದದ್ದು ಸುಳ್ಳಲ್ಲ. ರೇಖಾಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. “ಹೆಚ್ಚು ಯಾಕೆ?”

“ಇದರಾಗ ಒಂದೊಂದು ಸ್ಪೀಕರಿಗೂ ಬ್ಯಾರೆ ರಿಲೇ ಅದಾವ್ರಿ. ಗುಂಡಿ ತಿರುವಿದ್ರ ಟಕ್ ಟಕ್ ಅಂತ ಒಂದೊಂದ ಮೆಟ್ಟಿಲ ಏರ್ತೈತಿ. ಸರ್ ಬಲಗಿವಿ ಮಂದ ಇತ್ತಲ್ರೀ, ಅದಕ್ಕ ಆ ಕಡೆ ಜಾಸ್ತಿ. ಮೊದಲು ನಾಕಿತ್ತು. ಎರಡು ವರ್ಷದಾಗ ಹನ್ನೆರಡಕ್ಕ ಬಂತು.” ಹುಡುಗಿ ದನಿ ತಗ್ಗಿಸಿದಳು. “ಓಣಿಯವ್ರು ನಗ್ತಾರ, ಯಾರಿಗೂ ಹೇಳಬ್ಯಾಡ ಅಂದಿದ್ರು. ನಿಮಗ ಗೊತ್ತಿತ್ತಲ್ರೀ?”

ಸಪ್ಪಲಮ್ಮ ಕತ್ತು ಚಾಚಿ ನೋಡುತ್ತಿದ್ದಳು.

“ಗೊತ್ತಿತ್ತು,” ಅಂದಳು ರೇಖಾ.

ಎದೆಯಿಂದ ಒಂದು ಭಾರ ಇಳಿಯಿತು; ಇಳಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಹೇಳದ್ದನ್ನು ಅವನು ಈ ಹುಡುಗಿಗೆ ಹೇಳಿದ್ದ. ಆ ಭಾನುವಾರ ನಿಜಕ್ಕೂ ಕೇಳಿಸಿರಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ? ಅದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ.

“ಹೊತ್ತಾಯ್ತು, ಅಕ್ಕಿ ಹಾಕಮ್ಮ,” ಕೆಂಪರಾಜು ಬಾಗಿಲಿಂದ ಕರೆದ.

ರೇಖಾ ಪೆಟ್ಟಿಗೆಯನ್ನು ರಾಜಶ್ರೀಯ ಕೈಗೆ ಕೊಟ್ಟು ಎದ್ದಳು. ಗಂಡನ ತುಟಿಗಳ ಮೇಲೆ ಮೂರು ಸಲ ಅಕ್ಕಿ ಹಾಕಿದಳು. ಹೆಗಲು ಕೊಡುವವರು ಸೊಂಟಕ್ಕೆ ಟವಲು ಬಿಗಿದು ಹತ್ತಿರ ಬಂದರು. ಅವಳು ಪಕ್ಕಕ್ಕೆ ಸರಿಯಲಿಲ್ಲ. ಅವನ ತಲೆಯ ಕಡೆಯಿಂದ ಸುತ್ತಿ ಎಡಗಡೆಗೆ ಹೋಗಿ ಮಂಡಿಯೂರಿದಳು.

“ಅಲ್ಲೇನೇ ಇದೆ?” ಸಪ್ಪಲಮ್ಮ ಕೇಳಿದಳು.

ರೇಖಾ ಅವನ ಎಡಗಿವಿಗೆ ತುರುಕಿದ್ದ ಹತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು.

“ಅದನ್ನ ತೆಗೀಬಾರ್ದು ಕಣೇ.”

ಹತ್ತಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಸೆರಗು ಜಾರುತ್ತಿದ್ದುದನ್ನೂ ಗಮನಿಸದೆ, ಅವಳು ಆ ಕಿವಿಯ ಮೇಲೆ ಬಾಗಿದಳು.